ಮಳೆಗಾಲದಲ್ಲಿ ಸೀಳಿದ ತೋಟಾ

ಕಳೆದ ಕೈಲ್‌ಪೊಳ್ದಿನ ದಿನ ಕೋವಿ ಒರೆಸಿ, ನಳಿಗೆಗೆ ತೋಕ್‌ಪೂ ಸಿಕ್ಕಿಸುತ್ತಿದ್ದೆ. ಮೊಮ್ಮಗಳು ಹಳೆಯ ಮರದ ಪೆಟ್ಟಿಗೆ ಕೆದಕಿ ಒಂದು ಖಾಲಿ ಹಿತ್ತಾಳೆ ತೋಟಾ ಹಿಡಿದು ಬಂದಳು. ನನ್ನ ಅಜ್ಜನ ಕಾಲದ್ದು. ಬಾಯಿಯಿಂದ ಕೆಳಕ್ಕೆ ಕೂದಲೆಳೆಯಂಥ ಸೀಳು.

“ಅಜ್ಜಾ, ಇದನ್ನು ಯಾರು ಒಡೆದದ್ದು?”

“ಯಾರೂ ಒಡೆಯಲಿಲ್ಲ, ಅದೇ ಸೀಳಿಕೊಂಡಿತು” ಎಂದೆ. ಅವಳು ನಂಬಲಿಲ್ಲ. ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು, ಲೋಹಶಾಸ್ತ್ರ ಓದಿದವನಲ್ಲ. ಆದರೂ ಈ ಕಥೆ ನನಗೆ ಗೊತ್ತಿತ್ತು.

ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯ ಮಳೆಗಾಲ ಬಂತೆಂದರೆ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಎಷ್ಟೋ ತೋಟಾಗಳು ಸೀಳಿರುತ್ತಿದ್ದವು. ಮಳೆಗಾಲದ ಕಾಯಿಲೆ ಎಂದು ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರು ಬಿತ್ತು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಕಾರಣ ವಿವರಿಸಿದರು. ಕುದುರೆ ಗಂಜಳದಿಂದ ಅಮೋನಿಯಾ ಏಳುತ್ತದೆ. ತೋಟಾ ಮಾಡುವಾಗ ಹಿತ್ತಾಳೆಯನ್ನು ತಣ್ಣಗಿರುವಾಗಲೇ ಒತ್ತಿ ಎಳೆಯುವುದರಿಂದ ಅದರ ಒಳಗೊಂದು ಬಿಗಿತ ಉಳಿದಿರುತ್ತದೆ. ಬಿಗಿತ, ತೇವ, ಅಮೋನಿಯಾ ಒಟ್ಟಾದರೆ ಲೋಹದ ಕಣಗಳ ಸಂದಿಯಲ್ಲೇ ಬಿರುಕು ಓಡುತ್ತದೆ. ತೋಟಾವನ್ನು ಹದವಾಗಿ ಬಿಸಿ ಮಾಡಿ ಆ ಬಿಗಿತ ಇಳಿಸಿದರೆ ಬಿರುಕಿಲ್ಲ!

ನಮ್ಮ ಪೆಟ್ಟಿಗೆ ಎಷ್ಟೋ ವರ್ಷ ಇದ್ದದ್ದು ದನದ ಕೊಟ್ಟಿಗೆಯ ಅಟ್ಟದಲ್ಲಿ. ಕಕ್ಕಡದ ಮಳೆಯಲ್ಲಿ ಕೊಟ್ಟಿಗೆಯ ವಾಸನೆ ಹೇಗಿರುತ್ತದೆಂದು ನಿಮ್ಮ ಅಜ್ಜಿಯನ್ನು ಕೇಳಿ. ಸೀಳಿದ ತೋಟಾ ಹಾಕಿ ಗುಂಡು ಹಾರಿಸಿದರೆ ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಕಣ್ಣು, ಕೈ ಹೋಗಬಹುದು. ಆದ್ದರಿಂದ ಮನೆಯಲ್ಲಿ ಹಳೆಯ ತೋಟಾ ಕಂಡರೆ ಮಕ್ಕಳು ಮುಟ್ಟದೆ ದೊಡ್ಡವರಿಗೆ ಹೇಳಬೇಕು.

“ಹಾಗಾದರೆ ಸ್ಟೀಲಿನದ್ದು ಮಾಡಬಾರದಿತ್ತಾ?” ಎಂದಳು.

ಸ್ಟೇನ್‌ಲೆಸ್ ಸ್ಟೀಲಿಗೂ ಈ ಕಾಯಿಲೆ ಉಂಟು. ಅಲ್ಲಿ ವೈರಿ ಅಮೋನಿಯಾ ಅಲ್ಲ, ಉಪ್ಪಿನಲ್ಲಿರುವ ಕ್ಲೋರೈಡ್. ಸ್ವಿಟ್ಜರ್ಲೆಂಡಿನ ಉಸ್ಟರ್ ಊರಿನ ಈಜುಕೊಳದಲ್ಲಿ ಕಾಂಕ್ರೀಟ್ ಒಳಚಾವಣಿಯನ್ನು ಸ್ಟೇನ್‌ಲೆಸ್ ಸ್ಟೀಲ್ ಸರಳುಗಳಿಂದ ತೂಗುಹಾಕಿದ್ದರು. ನೀರಿಗೆ ಹಾಕುವ ಕ್ಲೋರಿನ್ ಆವಿಯ ಜೊತೆ ಮೇಲೇರಿ ಸರಳುಗಳನ್ನು ಸದ್ದಿಲ್ಲದೆ ಬಿರಿಸಿತು. 1985ರ ಮೇ 9ರಂದು ಚಾವಣಿ ಕುಸಿದು 12 ಜನ ಸತ್ತರು. ಆಗ ಕೊಳಕ್ಕೆ ಇನ್ನೂ 13 ವರ್ಷ. ಹೊಳೆಯುವುದೆಲ್ಲ ಗಟ್ಟಿ ಎಂದುಕೊಂಡದ್ದಕ್ಕೆ ತೆತ್ತ ಬೆಲೆ.

ಇದಕ್ಕೊಂದು ಮದ್ದು ಡ್ಯೂಪ್ಲೆಕ್ಸ್ ಸ್ಟೀಲ್. ಮಡಿಕೇರಿಯಲ್ಲಿ ಮಾರಾಟಕ್ಕಿರುವ ಡ್ಯೂಪ್ಲೆಕ್ಸ್ ಮನೆಯಲ್ಲ! ಆಸ್ಟಿನೈಟ್, ಫೆರೈಟ್ ಎಂಬ ಎರಡು ಬಗೆಯ ಕಣಗಳು ಇದರಲ್ಲಿ ಸುಮಾರು ಅರ್ಧಕ್ಕರ್ಧ ಬೆರೆತಿರುತ್ತವೆ. ಬಿದಿರಿನ ತಟ್ಟಿಯಲ್ಲಿ ಒಂದು ಸೀಳು ಬಿರಿದರೂ ಅಡ್ಡ ಹೆಣೆದ ಸೀಳು ತಡೆಯುತ್ತದಲ್ಲ, ಹಾಗೆ ಒಂದರಲ್ಲಿ ಹೊರಟ ಬಿರುಕನ್ನು ಇನ್ನೊಂದು ತಡೆಯುತ್ತದೆ. ನಮ್ಮ ಪಾತ್ರೆಯ ಸ್ಟೀಲಿಗಿಂತ ಇದಕ್ಕೆ ಸುಮಾರು ಎರಡು ಪಟ್ಟು ಬಲ. 1930ರಲ್ಲೇ ಸ್ವೀಡನ್ನಿನ ಅವೆಸ್ಟಾದಲ್ಲಿ ಇದನ್ನು ತಯಾರಿಸಿದ್ದರು. ಇಂದು ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಗಳಲ್ಲಿ, ಕಡಲಿನ ತೈಲ ಕೊಳವೆಗಳಲ್ಲಿ ಬಳಸುತ್ತಾರೆ. ಆದರೆ ಇದಕ್ಕೂ ಒಂದು ಶಾಪ: 475 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲಿ ಬಹಳ ಹೊತ್ತು ಇಟ್ಟರೆ ಫೆರೈಟ್ ಪೆಡಸಾಗಿ, ಪೆಟ್ಟು ಬಿದ್ದರೆ ಗಾಜಿನಂತೆ ಒಡೆಯುತ್ತದೆ. ಹಾಗಾಗಿ 300 ಡಿಗ್ರಿ ಮೀರುವ ಕಡೆ ಇದನ್ನು ಸಾಮಾನ್ಯವಾಗಿ ಹಾಕುವುದಿಲ್ಲ.

ಫೆರೈಟ್ ಇರುವ ಸ್ಟೀಲಿಗೆ ಅಯಸ್ಕಾಂತ ಅಂಟುತ್ತದೆ, ಬರೀ ಆಸ್ಟಿನೈಟ್ ಇರುವ ಒಳ್ಳೆಯ ಲೋಟ ತಟ್ಟೆಗೆ ಅಂಟುವುದಿಲ್ಲ ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಅವಳು ಫ್ರಿಜ್‌ನ ಬಾಗಿಲಿನಿಂದ ಅಯಸ್ಕಾಂತ ಕಿತ್ತುಕೊಂಡು ಅಡುಗೆಮನೆಗೆ ಓಡಿದಳು. ಕಡಂಬುಟ್ಟು ಬೇಯಿಸುತ್ತಿದ್ದ ಅವಳ ಅಜ್ಜಿ ಆಮೇಲೆ ನನಗೆ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.