ಉಮ್ಮತ್ತಿ ಹೊಟ್ಟೆಗೆ ಮದ್ದಾದ ಸೋಜಿಗ

ಬಿಜೈ ಕೆಎಸ್ಸಾರ್ಟಿಸಿ ನಿಲ್ದಾಣದ ಆಸುಪಾಸಿನ ಮೆಡಿಕಲ್‌ನಲ್ಲಿ, ರಾತ್ರಿ ಬಸ್ಸಿನ ಹೊತ್ತಿಗೆ, "ಹೊಟ್ಟೆ ಹಿಂಡ್ತಾ ಉಂಟು ಮಾರಾಯ್ರೆ, ಬೇಗ ಕೊಡಿ" ಎಂದು ಡಾಕ್ಟರ ಚೀಟಿ ಚಾಚಿದವರ ಕೈಗೆ ಬರುವ ಸಕ್ಕರೆ ಲೇಪದ ಪುಟ್ಟ ಬಿಳಿ ಮಾತ್ರೆ ಇದೆಯಲ್ಲ, ಹಯೋಸಿನ್ ಬ್ಯೂಟೈಲ್‌ಬ್ರೋಮೈಡ್, 10 ಮಿಲಿಗ್ರಾಂ, ಅದರ ಕುಲ ಯಾವುದು ಗೊತ್ತೆ? ಉಮ್ಮತ್ತಿಯ ಕುಲ! ಶಿವನಿಗೆ ಏರಿಸುವ, ಬೇಲಿ ಬದಿಯ ಅದೇ ದತ್ತೂರಿ. ಅದರ ಬೀಜ ಹೊಟ್ಟೆಗೆ ಹೋದರೆ ಮನುಷ್ಯ ಇಲ್ಲದವರ ಜೊತೆ ಮಾತಾಡುತ್ತಾನೆ, ಜೀವವೇ ಹೋದೀತು. (ದಮ್ಮಯ್ಯ, ಮನೆಮದ್ದು ಮಾಡಲು ಹೋಗಬೇಡಿ.) ಆ ವಿಷದೊಳಗಿನ ಹಯೋಸಿನ್ನೇ ಇಲ್ಲಿ ಮದ್ದಾಗಿದೆ!

ಕರುಳಿನ ಸ್ನಾಯು ಬಿಗಿಯುವುದು ನರಗಳ ಸಂದೇಶವಾಹಕ ಅಸಿಟೈಲ್‌ಕೋಲಿನ್ ಬಂದು ತಟ್ಟಿದಾಗ. ಅದು ಕೂರಬೇಕಾದ ಜಾಗದಲ್ಲಿ ಹಯೋಸಿನ್ ಮೊದಲೇ ಹೋಗಿ ಕೂರುತ್ತದೆ, ಹಿಡಿತ ಸಡಿಲ. ಆದರೆ ಮಿದುಳಿಗೂ ನುಗ್ಗಿ ಅಲ್ಲೂ ಅದನ್ನೇ ಮಾಡುತ್ತದೆ, ಅದೇ ಗ್ರಹಚಾರ. ಪರಿಹಾರ ಎಷ್ಟು ಚಿಕ್ಕದು ನೋಡಿ. ಈ ಅಣುವಿನ ಸಾರಜನಕದಲ್ಲಿ ಒಂದು ಜೋಡಿ ಎಲೆಕ್ಟ್ರಾನ್ ಯಾರ ಕೈಯನ್ನೂ ಹಿಡಿಯದೆ ಕೂತಿದೆ. ಬ್ಯೂಟೈಲ್ ಬ್ರೋಮೈಡ್ ಬೆರೆಸಿದರೆ ನಾಲ್ಕು ಇಂಗಾಲದ ಬಾಲ ಅಲ್ಲಿಗೆ ಬಂದು ಅಂಟುತ್ತದೆ, ಬ್ರೋಮೈಡ್ ಕಳಚಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಒಂದೇ ಹೆಜ್ಜೆ! ಸಾರಜನಕಕ್ಕೀಗ ಕಾಯಂ ಧನ ವಿದ್ಯುದಂಶ. ಅದನ್ನು ಹೊತ್ತ ಅಣುವನ್ನು ಮಿದುಳಿನ ರಕ್ತನಾಳಗಳ ಜಿಡ್ಡಿನ ಗೋಡೆ ಸುಲಭಕ್ಕೆ ಒಳಗೆ ಬಿಡುವುದಿಲ್ಲ. ನುಂಗಿದ್ದರಲ್ಲಿ ರಕ್ತಕ್ಕೆ ಸೇರುವುದೇ ಶೇ. 1ಕ್ಕಿಂತ ಕಡಿಮೆ. ಹೊಟ್ಟೆಯ ಮದ್ದು ಹೊಟ್ಟೆಯಲ್ಲೇ! ಜರ್ಮನಿಯ ಬೋರಿಂಗರ್ ಇಂಗೆಲ್‌ಹೈಮ್ 1950ರ ದಶಕದ ಆರಂಭದಲ್ಲಿ ಬುಸ್ಕೊಪಾನ್ ಎಂದು ಮಾರಾಟಕ್ಕೆ ತಂದದ್ದು ಇದನ್ನೇ.

ಇಂಥ ಅಣುಗಳ ಬೆನ್ನೆಲುಬು ಟ್ರೋಪೇನ್. ಅದರ ಹತ್ತಿರದ ನೆಂಟ ಟ್ರೋಪಿನೋನನ್ನು ಕಟ್ಟಲು 20ನೇ ಶತಮಾನದ ಮೊದಲಲ್ಲಿ ರಸಾಯನಜ್ಞ ವಿಲ್‌ಸ್ಟೇಟರ್ ಹದಿನೈದಕ್ಕೂ ಹೆಚ್ಚು ಹಂತ ದಾಟಿದರು, ದಕ್ಕಿದ್ದು ಶೇ. 1ಕ್ಕೂ ಕಡಿಮೆ. 1917ರಲ್ಲಿ ರಾಬರ್ಟ್ ರಾಬಿನ್‌ಸನ್ ಸಕ್ಸಿನಾಲ್ಡಿಹೈಡ್, ಮೀಥೈಲ್ ಅಮೀನ್, ಅಸಿಟೋನ್ ಡೈಕಾರ್ಬಾಕ್ಸಿಲಿಕ್ ಆಮ್ಲದ ಲವಣ, ಈ ಮೂರನ್ನು ನೀರಲ್ಲಿ ಒಟ್ಟಿಗೆ ಬಿಟ್ಟರು. ಉಂಗುರಗಳು ತಾವಾಗಿಯೇ ಕಟ್ಟಿಕೊಂಡವು! ಕೊನೆಗೆ ಆಮ್ಲ ಹಾಕಿ ಕಾಯಿಸಿ ಬೇಡದ ಇಂಗಾಲದ ಡೈಆಕ್ಸೈಡ್ ಓಡಿಸಿದರಾಯಿತು. ಮುಂದೆ ಈ ದಾರಿಯಲ್ಲಿ ಇಳುವರಿ ಶೇ. 90 ದಾಟಿತು.

ಆದರೂ ಕಾರ್ಖಾನೆಗಳು ಹಯೋಸಿನ್‌ಗೆ ಇವತ್ತಿಗೂ ಗಿಡದ ಮೊರೆಯೇ ಹೋಗುತ್ತವೆ. ಆಸ್ಟ್ರೇಲಿಯಾದ ಹೊಲಗಳಲ್ಲಿ ಉಮ್ಮತ್ತಿಯ ದಾಯಾದಿ ಡುಬೋಯಿಸಿಯಾ ಬೆಳೆದು, ಎಲೆ ಒಣಗಿಸಿ ಸಾರ ತೆಗೆಯುತ್ತಾರೆ. ಹಯೋಸಿನ್ ಆಗಬೇಕಾದರೆ ಟ್ರೋಪೇನ್ ಉಂಗುರದ ಎರಡು ಇಂಗಾಲಗಳ ನಡುವೆ ಆಮ್ಲಜನಕದ ಸೇತುವೆ ಕೂರಿಸಬೇಕಲ್ಲ, ಆ ಕೆಲಸವನ್ನು ಗಿಡದ ಒಂದೇ ಕಿಣ್ವ ಎರಡು ಹೆಜ್ಜೆಯಲ್ಲಿ ಮುಗಿಸಿಬಿಡುತ್ತದೆ.