ಬೆಲುಂ ಗವಿಗಳು: ಬಯಲಿನಡಿಯ ಸುಣ್ಣದ ಲೋಕ

ಗವಿ ಎಂದೊಡನೆ ಬೆಟ್ಟ ನೆನಪಾಗುತ್ತದೆ. ಬೆಲುಂನಲ್ಲಿ ಬೆಟ್ಟವೇ ಇಲ್ಲ. ತಾಡಪತ್ರಿಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಈಗಿನ ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ ಮಂಡಲದಲ್ಲಿ, ಸಮತಟ್ಟಾದ ಬಯಲಿನ ನಡುವೆ ಬಾವಿಗಳಂತೆ ಬಾಯ್ದೆರೆದ ಮೂರು ಹೊಂಡಗಳಿವೆ. ನಡುವಿನದೇ ಪ್ರವೇಶದ್ವಾರ. ರಾಯದುರ್ಗ, ಆದೋನಿ ಕಡೆಯ ನಮ್ಮ ಕನ್ನಡ ಕುಟುಂಬಗಳು ಬೆಳಿಗ್ಗೆ ಬೇಗ ಹೊರಟರೆ ಒಂದೇ ದಿನದಲ್ಲಿ ಹೋಗಿಬರಬಹುದು.

ಧರ್ಮಕೇಂದ್ರದ ಕೆಲವು ಕುಟುಂಬಗಳೊಂದಿಗೆ ನಾವು ಮೆಟ್ಟಿಲಿಳಿದಾಗ ಮೊದಲು ತಟ್ಟಿದ್ದು ಸೆಕೆ. ಗವಿಯೆಂದರೆ ತಂಪು ಎಂದುಕೊಂಡಿದ್ದ ಮಕ್ಕಳಿಗೆ ನಿರಾಶೆ! ಒಳಗೆ ತೇವ ಹೆಚ್ಚು. ಕೊಳವೆಗಳ ಮೂಲಕ ಹೊರಗಿನ ಗಾಳಿಯನ್ನು ಕಳುಹಿಸುತ್ತಾರೆ. ಗವಿಯ ಒಟ್ಟು ಉದ್ದ 3,229 ಮೀಟರ್. ಪ್ರವಾಸಿಗರಿಗೆ ತೆರೆದಿರುವುದು ಸುಮಾರು ಒಂದೂವರೆ ಕಿಲೋಮೀಟರ್. ಸಿಂಹದ ತಲೆಯಂತೆ ಕಾಣುವ ಸಿಂಹದ್ವಾರ, ಸಾವಿರಾರು ಲಿಂಗಗಳಂತೆ ಕಲ್ಲು ಇಳಿಬಿದ್ದ ಕೋಟಿಲಿಂಗಗಳು, ಎಲ್ಲಕ್ಕಿಂತ ಕೆಳಗೆ, 46 ಮೀಟರ್ ಆಳದಲ್ಲಿ, ನೀರು ಹರಿದು ನೆಲದೊಳಗೇ ಮಾಯವಾಗುವ ಪಾತಾಳಗಂಗೆ.

"ಫಾದರ್, ನಮ್ಮ ಬಚ್ಚಲಮನಿ ಹಂಡೇದಾಗ ಕಟ್ಟತೈತಲ್ಲ ಬಿಳಿ ಪದರು, ಅದರಂಗೇ ಐತಿ ನೋಡ್ರಿ," ಎಂದರು ನಮ್ಮೊಂದಿಗಿದ್ದ ಒಬ್ಬ ಅಜ್ಜಿ. ವಿಜ್ಞಾನದ ಪುಸ್ತಕವೂ ಇದಕ್ಕಿಂತ ಚೆನ್ನಾಗಿ ಹೇಳಲಾರದು. ಮಳೆನೀರು ಗಾಳಿ ಮತ್ತು ಮಣ್ಣಿನಿಂದ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತ ಕಲ್ಲನ್ನೇ ಕರಗಿಸುತ್ತದೆ. ಹೀಗೆ ಕೊರೆದ ದಾರಿಗಳೇ ಗವಿ. ಮುಂದೆ ಅದೇ ನೀರು ಚಾವಣಿಯಿಂದ ತೊಟ್ಟಿಕ್ಕುವಾಗ ಅನಿಲ ಹೊರಹೋಗಿ, ಕರಗಿದ್ದ ಸುಣ್ಣ ಚೂರುಚೂರೇ ಅಂಟಿಕೊಳ್ಳುತ್ತದೆ. ಗೇಣುದ್ದದ ಒಂದು ಕೊಂಬು ಇಳಿಬೀಳಲು ಸಾವಿರಾರು ವರ್ಷ ಬೇಕಾಗಬಹುದು.

ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲಿ ಈ ಗವಿಯ ಬಗ್ಗೆ ಬರೆದಿಟ್ಟರು. ಆಮೇಲೆ ಸುಮಾರು ನೂರು ವರ್ಷ ಯಾರೂ ಕೇಳಲಿಲ್ಲ. 1982–83ರಲ್ಲಿ ಡೇನಿಯಲ್ ಗೆಬೌಯರ್ ನೇತೃತ್ವದ ಜರ್ಮನ್ ತಂಡ ಒಳಹೊಕ್ಕು ಅಳೆದು ನಕ್ಷೆ ಬರೆಯಿತು. ಆ ಕಾಲದಲ್ಲೂ ಸುತ್ತಲಿನವರಿಗೆ ಇದು ಕಸ ಸುರಿಯುವ ಗುಂಡಿ. 1988ರ ಹೊತ್ತಿಗೆ ಊರಿನ ಕೆಲವರೂ ಪೊಲೀಸ್ ಇಲಾಖೆಯವರೂ ಮುತುವರ್ಜಿ ವಹಿಸಿದ ಮೇಲೆ ಸರ್ಕಾರ ರಕ್ಷಣೆ ಕೊಟ್ಟಿತು. ಆಂಧ್ರದ ಪ್ರವಾಸೋದ್ಯಮ ನಿಗಮ 1999ರಲ್ಲಿ ಕೆಲಸ ಹಿಡಿದು ದಾರಿ, ದೀಪಗಳನ್ನು ಮಾಡಿಸಿತು. 2002ರಲ್ಲಿ ಜನರಿಗೆ ಬಾಗಿಲು ತೆರೆಯಿತು.

ಇದನ್ನು ಕೇಳುವಾಗ ನಮಗೆ ಲೂರ್ದು ನೆನಪಾಯಿತು. ಧರ್ಮಕೇಂದ್ರಗಳಲ್ಲಿ ನಾವು ಸಿಮೆಂಟಿನಲ್ಲಿ ಕಟ್ಟಿಸುವ ಗವಿಯ ಮೂಲವಾದ ಮಸಾಬಿಯೆಲ್ ಕೂಡ ಸುಣ್ಣಕಲ್ಲಿನದೇ. 1858ರ ಫೆಬ್ರವರಿ 11ರಂದು ಬಾಲೆ ಬೆರ್ನದೆತ್ತಳು ಅಲ್ಲಿಗೆ ಸೌದೆ ಆಯಲು ಹೋದಾಗ, ಅದು ಊರಿನ ಹಂದಿಗಳು ನೆರಳಿಗೆ ನುಗ್ಗುತ್ತಿದ್ದ ಹೊಲಸು ಜಾಗ. ಮಾತೆ ಮರಿಯ ದರ್ಶನವಿತ್ತದ್ದು ಅಲ್ಲಿಯೇ.

ಬೆಲುಂನಲ್ಲಿ ಕಸದ ಗುಂಡಿ ಹೋಯಿತು, ಆದರೆ ಕೈಗಳು ಸುಮ್ಮನಿಲ್ಲ. ತಟ್ಟಿದರೆ ನಾದ ಹೊಮ್ಮುವ ಕಲ್ಲುಗಳಿರುವ ಸಪ್ತಸ್ವರ ಗವಿಯಲ್ಲಿ ಒಬ್ಬರು ಬೆರಳಿನಿಂದ ತಟ್ಟಿದರೆ ಹಿಂದಿನವರು ಬೀಗದ ಕೈಯಿಂದ ಬಡಿಯುತ್ತಾರೆ. ಮುರಿದ ತುದಿಗಳನ್ನು, ಗೋಡೆಯ ಮೇಲೆ ಗೀಚಿದ ಹೆಸರುಗಳನ್ನು ಕಂಡೆವು. ಬೆರಳ ಎಣ್ಣೆ ತಾಗಿದ ಜಾಗದಲ್ಲಿ ಹೊಸ ಸುಣ್ಣ ಸರಿಯಾಗಿ ಕೂರುವುದಿಲ್ಲ. ದೀಪದ ಬೆಳಕು ಬೀಳುವಲ್ಲಿ ಪಾಚಿ ಹತ್ತುತ್ತದೆ. ಬಣ್ಣಬಣ್ಣದ ದೀಪಗಳು ನಮಗಂತೂ ಹಿಡಿಸಲಿಲ್ಲ, ಜಾತ್ರೆಯ ಬೆಳಕು ಗವಿಗೇಕೆ? ನಮ್ಮ ಮಕ್ಕಳಿಗೆ ಮೆಟ್ಟಿಲ ಬಳಿಯೇ ಹೇಳಿದೆವು: ಕಣ್ಣಿಗೆ ರಜೆ ಇಲ್ಲ, ಕೈಗೆ ಮಾತ್ರ ರಜೆ. ಒಬ್ಬ ಹುಡುಗ ಕೊನೆಯವರೆಗೂ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡೇ ನಡೆದ.

ಹೋಗುವವರು ಹತ್ತಿಬಟ್ಟೆ ಧರಿಸಿ, ಜಾರದ ಚಪ್ಪಲಿ ಮೆಟ್ಟಿಕೊಳ್ಳಿ. ಉಬ್ಬಸ, ಹೃದಯದ ತೊಂದರೆ ಇರುವ ಹಿರಿಯರು ಪಾತಾಳಗಂಗೆಯವರೆಗೆ ಇಳಿಯುವ ಹಟ ಮಾಡಬೇಡಿ. ಸಿಂಹದ್ವಾರದವರೆಗೆ ನೋಡಿದರೂ ಬಂದದ್ದು ಸಾರ್ಥಕ. ಚಳಿಗಾಲವೇ ಒಳ್ಳೆಯದು. ಬುತ್ತಿಯನ್ನು ಮೇಲೆ ಬಂದು ಮರದ ನೆರಳಲ್ಲಿ ಬಿಚ್ಚಿರಿ, ಎಲೆ ಕಾಗದಗಳನ್ನು ಮರಳಿ ಬಸ್ಸಿಗೇ ತನ್ನಿರಿ.