‘ಡಿಫರ್’: ಮುಂದೂಡುವುದೋ, ಮನ್ನಣೆ ಕೊಡುವುದೋ

2022ರ ನವೆಂಬರ್‌ನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು, ನೀರಿನ ಬವಣೆಯಿಂದ ಬೇಸತ್ತ ಜತ್ತ ತಾಲೂಕಿನ ಗ್ರಾಮಗಳು ಕರ್ನಾಟಕಕ್ಕೆ ಸೇರಲು ಹಿಂದೊಮ್ಮೆ ಠರಾವು ಮಾಡಿದ್ದನ್ನು ನೆನಪಿಸಿದರು. ಗಡಿವಿವಾದ ಮತ್ತೆ ಕಾವೇರಿತು. ಡಿಸೆಂಬರ್ 14ರಂದು ದೆಹಲಿಯಲ್ಲಿ ಕೇಂದ್ರ ಗೃಹ ಸಚಿವರ ಸಮ್ಮುಖದಲ್ಲಿ ಎರಡೂ ರಾಜ್ಯಗಳ ಮುಖ್ಯಮಂತ್ರಿಗಳು ಸೇರಿ, ಸರ್ವೋಚ್ಚ ನ್ಯಾಯಾಲಯದ ತೀರ್ಪು ಬರುವವರೆಗೆ ಪರಸ್ಪರರ ಪ್ರದೇಶದ ಮೇಲೆ ಹಕ್ಕು ಮಂಡಿಸಬಾರದೆಂದು ಒಪ್ಪಿದರು. ಈ ಒಪ್ಪಂದವನ್ನು ಇಂಗ್ಲಿಷಿನಲ್ಲಿ ವರ್ಣಿಸುವವನು ‘ಡಿಫರ್’ ಎಂಬ ಒಂದೇ ಕ್ರಿಯಾಪದವನ್ನು ಎರಡು ಅರ್ಥದಲ್ಲಿ ಬಳಸಬಹುದು: ರಾಜ್ಯಗಳು ತಮ್ಮ ಹಕ್ಕೊತ್ತಾಯವನ್ನು ಮುಂದೂಡಿದವು, ರಾಜ್ಯಗಳು ನ್ಯಾಯಾಲಯದ ತೀರ್ಮಾನಕ್ಕೆ ಮನ್ನಣೆ ಕೊಟ್ಟವು.

ವಾಸ್ತವದಲ್ಲಿ ಇವು ಒಂದು ಪದದ ಎರಡು ಅರ್ಥಗಳಲ್ಲ, ಒಂದೇ ರೂಪಕ್ಕೆ ಬಂದು ನಿಂತ ಎರಡು ಪದಗಳು. ಎರಡರ ಮೂಲದಲ್ಲಿಯೂ ‘ಹೊರು, ಒಯ್ಯು’ ಎಂಬರ್ಥದ ಲ್ಯಾಟಿನ್ ಧಾತು ‘ಫೆರ್ರೆ’ ಇದೆ. ಅದಕ್ಕೆ ‘ಬೇರೆಬೇರೆಯಾಗಿ’ ಎಂಬ ಉಪಸರ್ಗ ಸೇರಿ ಮುಂದೂಡುವ ‘ಡಿಫರ್’ ಬಂದಿತು. ಭಿನ್ನವಾಗಿರು ಎಂಬ ‘ಡಿಫ್ಫರ್’ ಇದರ ಒಡಹುಟ್ಟು. ‘ಕೆಳಗೆ’ ಎಂಬ ಉಪಸರ್ಗ ಸೇರಿದ್ದು ಇನ್ನೊಂದು: ಒಯ್ದು ಮತ್ತೊಬ್ಬರ ಮುಂದಿರಿಸು, ಅವರ ನಿರ್ಣಯಕ್ಕೆ ಒಪ್ಪಿಸು. ಫ್ರೆಂಚಿನ ಹಾದಿಯಲ್ಲಿ ಬಂದ ಇವೆರಡೂ ಇಂಗ್ಲಿಷಿನಲ್ಲಿ ಬೆರೆತುಹೋದವು. ಡೆರಿಡಾ 1968ರಲ್ಲಿ ಪ್ರಸಿದ್ಧಗೊಳಿಸಿದ ಶ್ಲೇಷೆ ಮೊದಲನೆಯ ಪದದ್ದು ಮಾತ್ರ. ತರಗತಿಗಳಲ್ಲಿ ಅದಕ್ಕೆ ಗೌರವದ ಅರ್ಥವನ್ನೂ ಅಂಟಿಸುವುದು ಅನಗತ್ಯ ಔದಾರ್ಯ.

ಇಂಗ್ಲಿಷಿನ ನಾಮಪದಗಳಲ್ಲಿ ಗೊಂದಲವಿಲ್ಲ. ‘ಡಿಫರ್ಮೆಂಟ್’, ‘ಡಿಫರಲ್’ ಎಂದರೆ ಮುಂದೂಡಿಕೆ; ‘ಡೆಫರೆನ್ಸ್’ ಎಂದರೆ ಗೌರವಪೂರ್ವಕ ಮನ್ನಣೆ. ತೊಡಕಿರುವುದು ಕ್ರಿಯಾಪದದಲ್ಲಿ. ಮನ್ನಣೆಯ ಅರ್ಥಕ್ಕೆ ‘ಟು’ ಬೇಕೇ ಬೇಕು. ಆದರೆ ವಿಚಾರಣೆಯನ್ನು ಜುಲೈಗೆ ಮುಂದೂಡಿದರೂ ‘ಟು’ ಬರಬಹುದು. ಆದ್ದರಿಂದ ‘ಟು’ ಕಂಡರೆ ಸಾಲದು, ಅದರ ನಂತರ ಕಾಲವಿದೆಯೋ ಅಧಿಕಾರವಿದೆಯೋ ಎಂಬುದನ್ನು ನೋಡಬೇಕು. ಗಡಿಪ್ರಕರಣದಲ್ಲಿ ಇದು ಕೇವಲ ವ್ಯಾಕರಣದ ಮಾತಲ್ಲ. ಮಹಾರಾಷ್ಟ್ರ 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೋಯಿತು. ರಾಜ್ಯಗಳ ಗಡಿ ಸಂವಿಧಾನದ 3ನೆಯ ವಿಧಿಯಂತೆ ಸಂಸತ್ತಿನ ವಿಷಯವೆಂಬುದು ಕರ್ನಾಟಕದ ವಾದ. ನ್ಯಾಯಾಲಯವು ಸಂಸತ್ತಿಗೆ ‘ಡಿಫರ್’ ಮಾಡಬೇಕೆಂದು ವಕೀಲರೊಬ್ಬರು ವಾದಿಸಿದರೆನ್ನಿ. ಅನುವಾದಕನು ಅದನ್ನು ‘ಮುಂದೂಡಬೇಕು’ ಎಂದು ಬರೆದರೆ, ಅಧಿಕಾರವ್ಯಾಪ್ತಿಯ ಪ್ರಶ್ನೆ ತಾರೀಖಿನ ಪ್ರಶ್ನೆಯಾಗಿಬಿಡುತ್ತದೆ.

ಮನ್ನಣೆಯ ಅರ್ಥಕ್ಕೆ ಕನ್ನಡದಲ್ಲಿ ಸರಿಸಾಟಿ ಪದ ಸುಲಭವಾಗಿ ಸಿಗದು. ‘ಮಣಿ’ ಎಂಬಲ್ಲಿ ಸೋಲಿನ ಛಾಯೆಯಿದೆ. ‘ಮನ್ನಿಸು’ ಹತ್ತಿರದ್ದೇ, ಆದರೆ ಅದಕ್ಕೆ ಕ್ಷಮಿಸು ಎಂಬ ಅರ್ಥವೂ ಇರುವುದರಿಂದ ನ್ಯಾಯಾಲಯವನ್ನು ಮನ್ನಿಸಿದರೆಂದು ಬರೆಯುವಂತಿಲ್ಲ! ಜತ್ತದ ದ್ವಿಭಾಷಿಕನ ಕೈಗೆ ಮರಾಠಿಯ ‘ಮಾನ’ ಸಿಗುತ್ತದೆ: ಪುಲ್ಲಿಂಗದಲ್ಲಿ ಅದು ಗೌರವ, ಸ್ತ್ರೀಲಿಂಗದಲ್ಲಿ ಕತ್ತು. ‘ಮಾನ ದೇಣೆ’ ಗೌರವ ಕೊಡುವುದು, ‘ಮಾನ ತುಕವಣೆ’ ತಲೆಬಾಗುವುದು. ಹಿರಿಯರ ಮಾತಿಗೆ ತನ್ನ ಅಭಿಪ್ರಾಯವನ್ನು ಬದಿಗಿಡುವವನಲ್ಲಿ ಎರಡೂ ಇರುತ್ತವೆ.

ಮುಂದೂಡುವ ಅರ್ಥದಲ್ಲಿ ತೊಡಕು ಬೇರೆ ಬಗೆಯದು. ತಡವಾಗುವುದು ತಾನಾಗಿ ಆಗಬಹುದು. ‘ಡಿಫರ್’ ಮಾಡಲು ಒಬ್ಬ ಕರ್ತೃ, ಒಂದು ನಿರ್ಧಾರ ಬೇಕು. ಮರಾಠಿಯ ‘ಪುಢೆ ಢಕಲಣೆ’ ಮುಂದಕ್ಕೆ ತಳ್ಳುವುದು. ‘ಲಾಂಬಣೀವರ ಟಾಕಣೆ’ಯಲ್ಲಿ ಕೊನೆ ಕಾಣದ ವಿಳಂಬದ ಧ್ವನಿಯಿದೆ, ಆದರೂ ಹಾಗೆ ಹಾಕಿದವನೊಬ್ಬನು ಇದ್ದೇ ಇರುತ್ತಾನೆ. ಕನ್ನಡದ ‘ನೆನೆಗುದಿಗೆ ಬಿತ್ತು’ ಎಂಬುದರಲ್ಲಿ ಅವನೂ ಇಲ್ಲ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರೆತ್ತುವ ಯೋಜನೆಯನ್ನು ಜತ್ತದ ಪೂರ್ವಭಾಗದ ಹಳ್ಳಿಗಳು ದಶಕಗಳಿಂದ ಎದುರುನೋಡಿವೆ. ಆ ಹಳ್ಳಿಗಳಿಗೆ ನೀರು ತಲುಪುವುದು ‘ನೆನೆಗುದಿಗೆ ಬಿದ್ದಿದೆ’ ಎಂದು ಬರೆದರೆ ಯಾರನ್ನೂ ಕೇಳುವಂತಿಲ್ಲ. ‘ಮುಂದೂಡಲಾಗಿದೆ’ ಎಂದು ಬರೆದರೆ, ಯಾರು ಮುಂದೂಡಿದರು, ಯಾವ ತಾರೀಖಿಗೆ ಎಂದು ಓದುಗನು ಕೇಳಬಹುದು.